ಕೌದಿ ತೊಳೆದ ಸೋಡಾ

ಕೂಸಿಗೆ ಯಾರ ದೃಷ್ಟಿಯೂ ತಾಗಿರಲಿಲ್ಲ. ಸಂತೆಯಿಂದ ತಂದ ಬಟ್ಟೆ ಸೋಡಾದೊಳಗ ತಿಗಣಿ ಕೊಲ್ಲುವ ಪುಡಿ ಬೆರೆತಿತ್ತು. ಆದದ್ದು ಇಷ್ಟೇ. ಕೂಸು ಸಾಯಲಿಲ್ಲ, ಪೂರಾ ಸರಿಯೂ ಆಗಲಿಲ್ಲ. ಅದರ ಬೆನ್ನು ಇವತ್ತಿಗೂ ಒರಟು.

ನಾನು ಹತ್ತಿಮತ್ತೂರಿಗೆ ಸೊಸೆಯಾಗಿ ಬಂದು ಮೊದಲ ಮಗಳು ಹುಟ್ಟಿದ ವರ್ಷ. ಮಾನವಮಿ ಹತ್ತಿರ ಬಂತೆಂದರೆ ಮನೆಯ ಹಾಸಿಗೆಯೆಲ್ಲ ಹಳ್ಳಕ್ಕೆ ಹೋಗಬೇಕು. ಯಾವಾಗಲೂ ಸವಳು ಮಣ್ಣು ಹಚ್ಚಿ ತೊಳೆಯುವವರು, ಆ ಸಲ ಅತ್ತೆ ಸವಣೂರು ಸಂತೆಯಿಂದ ಬಿಡಿ ಸೋಡಾ ತರಿಸಿದರು. ಕೌದಿಯ ಬಣ್ಣ ಎದ್ದು ಕಂಡಿತು. ಅತ್ತೆಗೆ ಹಿಗ್ಗೋ ಹಿಗ್ಗು.

ಕೂಸು ಮಲಗುತ್ತಿದ್ದದ್ದು ನಮ್ಮವ್ವ ತನ್ನ ಹಳೆ ಸೀರೆಗಳನ್ನು ಪದರ ಮಾಡಿ ಹೊಲಿದುಕೊಟ್ಟ ಕೌದಿಯ ಮೇಲೆ. ಅದನ್ನೂ ತೊಳೆದು ಹಾಸಿದ ಮೇಲೆ ಕೂಸಿನ ಬೆನ್ನೆಲ್ಲ ಕೆಂಪು ಗುಳ್ಳೆ ಎದ್ದವು. ಮೊಲೆ ಬಿಟ್ಟು ಚೀರುತ್ತಿತ್ತು, ಕೈ ನಡುಗುತ್ತಿದ್ದವು. ಅತ್ತೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ.

"ನೋಡಿದೇನ? ದೃಷ್ಟಿನ!"

ನಾನು ನೋಡಿದ್ದು ಬೇರೆ. ಗೋಡೆ ಸಂದಿಯಿಂದ ಇಳಿದು ಬಂದ ತಿಗಣಿಗಳು ತೊಳೆದ ಕೌದಿಯ ಮೇಲೆ ಸತ್ತು ಬಿದ್ದಿದ್ದವು. ತವರಿನಲ್ಲಿ ನಾವೂ ಸೋಡಾ ಹಾಕಿದವರೇ. ಅದಕ್ಕೆ ಒಂದು ತಿಗಣಿಯೂ ಸತ್ತಿರಲಿಲ್ಲ.

ಅವತ್ತೇ ಸಂತೆ ಇತ್ತು. ಕೂಸನ್ನು ಎತ್ತಿಕೊಂಡು ಹೋದೆ. ಸೋಡಾ ಮಾರಿದ್ದ ಅಂಗಡಿಯವ ಯಾರಿಗೋ ತಿಗಣಿ ಪುಡಿ ತುಂಬಿಕೊಟ್ಟ ಡಬ್ಬಿಯನ್ನೇ ಸೋಡಾ ಚೀಲಕ್ಕೂ ಅದ್ದಿದ.

"ಎರಡಕ್ಕೂ ಒಂದ ಡಬ್ಬಿ ಏನ್ರಿ?"

"ಎರಡೂ ಬೆಳ್ಳಗ ಅದಾವಲ್ಲ. ಚೂರು ಹತ್ತಿದ್ರ ಏನಾಕ್ಕೈತಿ? ನಿನ್ನ ಕೂಸೇನು ತಿಗಣಿ ಏನವಾ?"

ಸುತ್ತ ನಿಂತವರು ನಕ್ಕರು. ಕೂಸಿನ ಬೆನ್ನು ತೋರಿಸಿದೆ.

"ಬಿಸಲಿಗೆ ಎದ್ದಾವು, ತಗಿ," ಎಂದು ಮುಂದಿನವರಿಗೆ ಅಳೆಯತೊಡಗಿದ.

ಮನೆಗೆ ಬಂದು ಗಂಡನಿಗೆ ಹೇಳಿದೆ. "ಅವ್ವಗಿಂತ ನೀ ಶಾಣ್ಯಾಕಿ ಏನ?" ಎಂದರು. ಮುಗೀತು.

ಮರುದಿನ ಬೆಳಗಾಗುತ್ತಲೇ, ಸವಳು ಹಚ್ಚಿ ಮತ್ತೊಮ್ಮೆ ತೊಳೆಯೋಣ ಎಂದು ಕೌದಿ ಹೊತ್ತು ಹಳ್ಳಕ್ಕೆ ಹೋದೆ. ಕೆಳಗೆ ದನ ನೀರು ಕುಡಿಯುತ್ತಿದ್ದವು. ಅದರಾಚೆ ಹೆಂಗಸರು ಉಸುಕಿನಲ್ಲಿ ವರತಿ ತೋಡಿ ಕುಡಿಯುವ ನೀರು ತುಂಬುತ್ತಿದ್ದರು. ಮೊದಲು ತೊಳೆದ ನೀರೂ ಅಲ್ಲಿಗೇ ಹೋಗಿತ್ತು. ಸುಟ್ಟರೆ ಹೊಗೆ ಊರೊಳಗೇ ಬರುತ್ತದೆ. ಹೂಳಿದರೆ ಹಿತ್ತಲ ಬಾವಿ ಪಕ್ಕದಲ್ಲೇ ಹೂಳಬೇಕು. ಕೌದಿ ನೆನೆಸದೆ ಹಾಗೇ ಹೊತ್ತು ತಂದು ಜಂತಿಗೆ ಕಟ್ಟಿದೆ. ಕೂಸಿಗೆ ಹಾಸಲು ನನ್ನದೊಂದು ಸೀರೆ ಬಿಡಿಸಿದೆ. ಅದನ್ನೂ ಅದೇ ಸೋಡಾದಲ್ಲಿ ಒಗೆದಿದ್ದೆವು. ಮಡಚಿ ಇಟ್ಟು, ಸೆಗಣಿ ಸಾರಿಸಿದ ಬರೇ ನೆಲಕ್ಕೆ ಕೂಸನ್ನು ಮಲಗಿಸಿದೆ.