ಕೌದಿಯಲ್ಲಿ ಎರಡು ಬೋಳು ಚೌಕ

ಎದುರುಮನೆ ಆಂಟಿಯನ್ನು ನೆನೆದರೆ ಸೊಂಟಕ್ಕೆ ಸಿಕ್ಕಿಸಿದ ಸೆರಗು ಕಣ್ಣಿಗೆ ಬರುತ್ತದೆ. ತುಮಕೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಹೂದೋಟ ಹಾಕಿದಾಗ, ಹುಲಿಯೂರುದುರ್ಗದ ಅವರ ತವರಿನ ಹಳೆಯ ಕೌದಿಯೇ ಮಾದರಿ. ಮನೆಗೊಂದು ಚೌಕ, ಚೌಕಕ್ಕೊಂದು ಬಣ್ಣ. ಕಾವಲು ಆಂಟಿಯದೇ. ಬೆಳಗ್ಗೆ ಪೂಜೆಗೆಂದು ಬೇಲಿಯೊಳಗೆ ಕೈ ಹಾಕಿದವರಿಗೆಲ್ಲ ಅವರದು ಒಂದೇ ಮಾತು: “ಕಣ್ಣಲ್ಲೇ ಮುಡ್ಕೊಳ್ಳಿ, ಸಾಕು.” ಅವರ ತಲೆಯಲ್ಲೂ ಹೂವಿರುತ್ತಿರಲಿಲ್ಲ.

ಗುಬ್ಬಿ, ಕುಣಿಗಲ್ ಕಡೆಯವರು ತೋಟ ನೋಡಲು ಬರುವ ಭಾನುವಾರ, ನಮ್ಮಮ್ಮ ನೆಟ್ಟಿದ್ದ ಹಳದಿ ಸೇವಂತಿಗೆ ಚೌಕ ಬೋಳಾಗಿತ್ತು.

“ನೆಟ್ಟೋಳು ನಾನೇ ಅಂತ ಕಿತ್ಕೊಂಡ್‌ಬುಟ್ಯಾ? ಬರೋರಿಗೆ ಏನ್ ತೋರಿಸ್ಲಿ?” ಆಂಟಿ ಎಲ್ಲರೆದುರು ಅಮ್ಮನ ಮೇಲೆ ಕೂಗಾಡಿದರು.

“ನಾನಲ್ಲ ಕಣಕ್ಕ” ಎಂದ ಅಮ್ಮನ ಮಾತನ್ನು ಯಾರೂ ನಂಬಲಿಲ್ಲ.

ಅಷ್ಟರಲ್ಲಿ ಆಂಟಿಯ ಗಂಡ ಮಂಗಳಾರತಿ ತಟ್ಟೆ ಹಿಡಿದು ನಗುತ್ತಾ ಬಂದರು. ತಟ್ಟೆ ತುಂಬ ಹಳದಿ ಸೇವಂತಿಗೆ. “ಜನ ನೋಡೋಕ್ ಮುಂಚೆ ದೇವ್ರು ನೋಡ್ಲಿ ಅಂತ ನಾನೇ ಬಿಡಿಸ್ಕೊಂಡೆ ಕಣೇ. ಎಲ್ರೂ ಪ್ರಸಾದ ತಗೊಳ್ಳಿ.”

ಆಂಟಿ ಸಿಕ್ಕಿಸಿದ್ದ ಸೆರಗನ್ನು ಇಳಿಬಿಟ್ಟರು. ತಮ್ಮ ಚೌಕದ ಕನಕಾಂಬರವನ್ನು ಒಂದೂ ಉಳಿಸದೆ ಬಿಡಿಸಿದರು. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಕಟ್ಟಿ, “ತಿರುಗಮ್ಮಾ” ಎಂದು ಅಮ್ಮನ ಜಡೆಗೆ ಮುಡಿಸಿದರು.

ಜನ ಬಂದರು. ಈ ಎರಡು ಚೌಕದಲ್ಲಿ ಯಾಕೆ ಹೂವಿಲ್ಲ ಎಂದು ಯಾರೋ ಕೇಳಿದರು. ಆಂಟಿ ನೆಲ ನೋಡಿದರು. ಜಡೆ ತುಂಬ ಹೂವಿದ್ದ ಅಮ್ಮನಿಗೂ ತಲೆ ಎತ್ತಲಾಗಲಿಲ್ಲ.