ಹುಳುಮನೆಗೆ ಬೆನ್ನು ಮಾಡಿ ನಿಂತ ಹೈಬ್ರಿಡ್ ಕಾರು

ಕಳೆದ ಬೇಸಿಗೆಯಲ್ಲಿ, ನಮ್ಮ ಮನೆಗೆ ಹೈಬ್ರಿಡ್ ಕಾರು ಬಂದ ಹೊಸತರಲ್ಲಿ ನಡೆದ ಪ್ರಸಂಗವಿದು. ನಾನು ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿ ದುಡಿದು ನಿವೃತ್ತನಾದವನು. ಅಳತೆಯಲ್ಲಿ ಒಂದು ಗೇಣು ವ್ಯತ್ಯಾಸ ಬಂದರೂ ನಿದ್ದೆ ಹತ್ತದ ಸ್ವಭಾವ ನನ್ನದು. ಯಾರು ಎಲ್ಲಿ ನನ್ನೊಡನೆ ಹೇಗೆ ನಡೆದುಕೊಂಡರು ಎಂಬುದೂ ಅಷ್ಟೇ ಕರಾರುವಾಕ್ಕಾಗಿ ನೆನಪಿರುತ್ತದೆ. ಇದೊಂದು ದೋಷ ಎಂದು ನನ್ನ ಹೆಂಡತಿ ರತ್ನಮ್ಮ ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ಮರೆತುಬಿಡಿ ಎಂದು ಬುದ್ಧಿ ಹೇಳುವವರು, ರತ್ನಮ್ಮನನ್ನು ಬಿಟ್ಟರೆ, ಸಾಮಾನ್ಯವಾಗಿ ನೋಯಿಸಿದವರ ಕಡೆಯವರೇ ಆಗಿರುತ್ತಾರೆ.

ನಾವಿರುವುದು ಗೌರಿಬಿದನೂರಿನಲ್ಲಿ. ಮಗಳು ಸುಜಾತ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ತಯಾರಾದ ಸರಕಿನ ಗುಣಮಟ್ಟ ನೋಡುವ ಕೆಲಸದಲ್ಲಿದ್ದಾಳೆ. ಹಳೆಯ ಪೆಟ್ರೋಲ್ ಕಾರನ್ನು ಕೊಟ್ಟು ಹೈಬ್ರಿಡ್ ಕೊಳ್ಳೋಣವೆಂಬುದು ಅವಳದೇ ಸಲಹೆ. ಹಾಗಾಗಿ ಮೂವರೂ ಚಿಕ್ಕಬಳ್ಳಾಪುರದ ಒಂದು ಷೋರೂಮಿಗೆ ಹೋದೆವು.

ಅಲ್ಲಿ ಟೈ ಕಟ್ಟಿದ ಮಾರಾಟದ ಹುಡುಗ ಸುಜಾತಳ ಕಡೆಗೆ ತಿರುಗಿ, "ಮೇಡಂ, ಅಂಕಲ್‌ಗೆ ಸನ್‌ರೂಫ್ ಎಲ್ಲ ಬೇಕಾಗುತ್ತಾ?" ಎಂದು ಕೇಳಿದ. ಅಂಕಲ್ ಅವನ ಎದುರಿನ ಕುರ್ಚಿಯಲ್ಲೇ ಕುಳಿತಿದ್ದರು. ಕಾರು ಕೊಳ್ಳುತ್ತಿದ್ದವರೂ ಅವರೇ.

ನಾನು ತಾಳ್ಮೆಯಿಂದಲೇ ಕೇಳಿದೆ: "ಇದಕ್ಕೆ ಚಾರ್ಜ್ ಮಾಡುವ ಪ್ಲಗ್ ಎಲ್ಲಿದೆ?"

"ಪ್ಲಗ್ ಇಲ್ಲ ಸಾರ್. ತಾನೇ ಚಾರ್ಜ್ ಆಗ್ತದೆ."

"ಹಾಗಾದರೆ ಇದು ಪೆಟ್ರೋಲ್ ಗಾಡಿ."

"ಪೆಟ್ರೋಲ್ ಗಾಡಿ ಅನ್ನೋಕಾಗಲ್ಲ ಸಾರ್."

"ಮತ್ತೇನು, ಕರೆಂಟ್ ಗಾಡಿಯೇ?"

"ಅದೂ ಅಲ್ಲ ಸಾರ್. ಎರಡೂ."

ಒಂದು ಜಮೀನು ಎರಡು ಸರ್ವೆ ನಂಬರಿನಲ್ಲಿ ಏಕಕಾಲಕ್ಕೆ ಇರಲು ಸಾಧ್ಯವಿಲ್ಲವೆಂದು ನಂಬಿ ಬದುಕಿದವನಿಗೆ ಇದು ಸುಲಭವಾಗಿ ದಕ್ಕುವ ಉತ್ತರವಲ್ಲ. ಮುಂದಿನದು ಇನ್ನೂ ಗೋಜಲು. ಕಾರಿನ ಸುತ್ತಲೂ ಇರುವ ಕ್ಯಾಮೆರಾ ನನಗೆ ಬೇಕಿತ್ತು. ಪರದೆಯ ಮೇಲೆ ಕಾರು ಆಕಾಶದಿಂದ ನೋಡಿದಂತೆ, ನಾಲ್ಕೂ ದಿಕ್ಕಿನ ಚಕ್ಕುಬಂದಿ ಸಮೇತ, ನಕ್ಷೆಯ ಹಾಗೆ ಕಾಣುತ್ತದೆ. ಅದನ್ನು ನೋಡಿದ ಮೇಲೆ ಬೇರೆ ಯಾವ ಆಯ್ಕೆಯೂ ನನ್ನ ಕಣ್ಣಿಗೆ ಹಿಡಿಸಲಿಲ್ಲ. ಆದರೆ ಕ್ಯಾಮೆರಾ ಬೇಕಾದರೆ ಮೇಲಿನ ಮಾದರಿ ಕೊಳ್ಳಬೇಕು, ಆ ಮಾದರಿ ಕೊಂಡರೆ ಸನ್‌ರೂಫ್ ಬಂದೇ ಬರುತ್ತದೆ, ಬೇಡವೆನ್ನುವಂತಿಲ್ಲ. ನೆಲ ನೋಡಬೇಕಾದವನು ಆಕಾಶವನ್ನೂ ಕೊಳ್ಳಬೇಕೆಂಬ ಈ ನಿಯಮವನ್ನು ಮಾಡಿದವರು ಯಾರೆಂದು ಕೇಳಿದೆ. ಹುಡುಗ ನಕ್ಕ.

ಮಂಡಿನೋವಿನ ರತ್ನಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಇವರು ಎಲ್ಲೋ ನಿಲ್ಸಿ ಇಳಿದು ಹೋಗ್ತಾರಪ್ಪ, ನಾನು ಒಳಗೇ ಕೂತಿರ್ತೀನಿ. ಆಗ ಎಸಿ ನಡೆಯುತ್ತಾ?"

"ಆರಾಮಾಗಿ ಆಂಟಿ. ನಿಂತಾಗ ಎಂಜಿನ್ ಆಫ್. ಎಸಿ ಬ್ಯಾಟರಿ ಮೇಲೆ. ಸೌಂಡೂ ಇಲ್ಲ, ಹೊಗೆನೂ ಇಲ್ಲ."

ಈ ಮಾತನ್ನು ಅವನು ಹೇಳಿದಂತೆಯೇ ಬರೆದಿದ್ದೇನೆ, ಮುಂದೆ ಬೇಕಾಗುತ್ತದೆ.

ಕಾರು ಕೈಗೆ ಬಂದ ದಿನ ಡ್ಯಾಷ್‌ಬೋರ್ಡಿನ ಮೇಲೆ ಅಂಟಿಸಲು ಅವರು ಒಂದು ದೇವರ ವಿಗ್ರಹ ತಂದರು. ನಾವು ಬುದ್ಧನನ್ನು ನಂಬಿದವರು. ನನ್ನ ತಂದೆ ಊರ ಹೊರಗಿನ ಕೇರಿಯಲ್ಲಿ ಹುಟ್ಟಿ, ಅದೇ ಕಾರಣಕ್ಕೆ ಆ ದಾರಿ ಹಿಡಿದವರು. ಮನೆಯಿಂದ ತಂದಿದ್ದ ಪುಟ್ಟ ಬುದ್ಧನನ್ನು ಕೊಟ್ಟೆ. "ಇದು ಷೋಗೆ ಇಡೋದಲ್ವಾ ಸಾರ್? ಗಾಡಿಗೆ ದೇವರಿದ್ರೆ ಒಳ್ಳೇದು," ಎಂದ ಅದೇ ಹುಡುಗ. ಸುಜಾತ ನನ್ನ ತೋಳು ಹಿಡಿದುಕೊಂಡಳು. ನಾನು ನೆನಪಿಟ್ಟುಕೊಂಡೆ.

ಕೆಲವು ದಿನಗಳ ಬಳಿಕ ಸುಜಾತಳ ಸಹೋದ್ಯೋಗಿ ವರಲಕ್ಷ್ಮಿ ತನ್ನ ಮಗುವಿನ ನಾಮಕರಣಕ್ಕೆ ಕರೆದಳು. ನಾಮಕರಣ ಅವಳ ತವರಿನಲ್ಲಿ, ದಿಬ್ಬೂರಹಳ್ಳಿಯ ಹತ್ತಿರದ ಒಂದು ಊರಿನಲ್ಲಿ. ಊರಿನ ಹೆಸರು ಕೇಳಿ ನನಗೆ ಮುಜುಗರವಾಯಿತು. ಅದಕ್ಕೆ ಕಾರಣ ಹಳೆಯದು.

ನೌಕರಿಗೆ ಸೇರಿದ ಹೊಸತರಲ್ಲಿ ಅದೇ ಸೀಮೆಯ ಬೇರೊಂದು ಹಳ್ಳಿಗೆ ಅಣ್ಣತಮ್ಮಂದಿರ ಜಮೀನು ಭಾಗ ಮಾಡಲು ಹೋಗಿದ್ದೆ. ಸುಡುಬಿಸಿಲಿನಲ್ಲಿ ಅಳತೆ ಮುಗಿಸಿ ಎಲ್ಲರೂ ಹಿರಿಯ ಅಣ್ಣನ ಮನೆಗೆ ಬಂದೆವು. ಅಳತೆಯ ಚೈನು ಹಿಡಿದ ಆಳು, ಗ್ರಾಮಲೆಕ್ಕಿಗರು, ಪಂಚರಾಗಿ ಬಂದಿದ್ದ ಇಬ್ಬರು, ಎಲ್ಲರೂ ಒಳಗೆ ಹೋದರು. ಪಂಚರಲ್ಲೊಬ್ಬ ಸೇದುತ್ತಿದ್ದ ಬೀಡಿಯನ್ನೂ ಆರಿಸದೆ ಹೊಸ್ತಿಲು ದಾಟಿದ. ನಾನು ಮೆಟ್ಟಿಲಿಗೆ ಕಾಲಿಡುತ್ತಿದ್ದಂತೆ ಮನೆಯ ಯಜಮಾನ ಬಾಗಿಲಿಗೆ ಅಡ್ಡ ಬಂದು, "ಒಳಗೆ ಹುಳ ಇದೆ ಸಾರ್, ನೀವು ಇಲ್ಲೇ ಜಗಲಿ ಮೇಲೆ ಕೂತ್ಕೊಳ್ಳಿ," ಎಂದ. ರೇಷ್ಮೆಹುಳು ಬಲು ಸೂಕ್ಷ್ಮವೆಂದು ಕೇಳಿದ್ದೆ. ನಮ್ಮ ಮನೆತನದಲ್ಲಿ ಯಾರಿಗೂ ಭೂಮಿ ಇರಲಿಲ್ಲವಾದ್ದರಿಂದ ಹುಳು ಸಾಕಿ ಗೊತ್ತಿರಲಿಲ್ಲ. ಹುಳುವಿಗಾಗಿ ತಡೆದನೋ, ನನ್ನ ಕೇರಿಗಾಗಿ ತಡೆದನೋ ಎಂಬುದು ನನಗೆ ಎಂದೂ ನಿಶ್ಚಯವಾಗಲಿಲ್ಲ. ಅವಮಾನವೆಂದು ಸ್ಪಷ್ಟವಾದರೆ ಕೋಪ ಮಾಡಿಕೊಂಡು ಸುಮ್ಮನಾಗಬಹುದು. ಅವಮಾನವೋ ಅಲ್ಲವೋ ತಿಳಿಯದಿದ್ದರೆ ಕೋಪಕ್ಕೂ ಹಕ್ಕು ಇಲ್ಲದಂತಾಗುತ್ತದೆ. ಅಂದಿನಿಂದ ಹುಳು ಸಾಕುವ ಯಾವ ಮನೆಯ ಹೊಸ್ತಿಲ ಬಳಿಯೂ ನಾನು ನಿಂತಿರಲಿಲ್ಲ.

ಆದರೆ ಸುಜಾತಳಿಗೆ ವರಲಕ್ಷ್ಮಿಯ ಸ್ನೇಹ ದೊಡ್ಡದು. ಕಾರ್ಖಾನೆಯಲ್ಲಿ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುವವರು. ಹಿಂದಿನ ದಿನವೇ ಕೆಲಸಕ್ಕೆ ನೆರವಾಗಲು ಹೋಗಿದ್ದ ಅವಳು ಫೋನ್ ಮಾಡಿ, "ಅಪ್ಪ, ಅವರಮ್ಮ ತುಂಬ ಒಳ್ಳೇವ್ರು. ದಯವಿಟ್ಟು ಮುಖ ಗಂಟು ಹಾಕ್ಕೊಂಡ್ ಬರ್ಬೇಡಿ," ಎಂದಳು. ನಾನೂ ರತ್ನಮ್ಮನೂ ಬೆಳಿಗ್ಗೆಯೇ ಹೊರಟೆವು.

ಮನೆಯ ಪಕ್ಕದಲ್ಲಿ ಉದ್ದನೆಯ ಒಂದು ಕಟ್ಟಡ, ಅದರ ಮಗ್ಗುಲಿಗೆ ಹೊಂಗೆಯ ನೆರಳು. ಕಿಟಕಿಗಳಿಗೆಲ್ಲ ನೊಣ ನುಗ್ಗದಂತೆ ಬಲೆ ಬಿಗಿದಿದ್ದರು. ಹುಳುಮನೆಯೆಂದು ನೋಡಿದೊಡನೆ ತಿಳಿಯಿತು. ಹೊಸ ಕ್ಯಾಮೆರಾದ ನೆರವಿನಿಂದ ಕಾರನ್ನು ಹಿಂದಕ್ಕೆ ತೆಗೆದು, ಗೋಡೆಗೆ ಬೆನ್ನು ಮಾಡಿ, ಒಂದು ಗೇಣಷ್ಟೇ ಜಾಗ ಉಳಿಯುವಂತೆ ನೇರವಾಗಿ ನಿಲ್ಲಿಸಿದೆ. ಅಷ್ಟು ಚೊಕ್ಕವಾಗಿ ನಾನು ಯಾವ ಕಾರನ್ನೂ ನಿಲ್ಲಿಸಿದ್ದಿಲ್ಲ. ಸುಜಾತ ಬಂದು ಕರೆಯುವವರೆಗೆ ಹೊರಗೇ ಇರುವುದೆಂದು ನಿಶ್ಚಯಿಸಿದೆ. ರತ್ನಮ್ಮ ಎಸಿಯಲ್ಲಿ ಕುಳಿತಳು, ನಾನು ಇಳಿದು ನಿಂತೆ. ಬಾಗಿಲು ಹಾಕಿದಾಗ ಕಾರು ಏನೋ ಕೀಚು ದನಿ ಮಾಡಿತು. ಬೀಳ್ಕೊಡುವ ಶಿಷ್ಟಾಚಾರವಿರಬೇಕೆಂದುಕೊಂಡೆ.

ಮನೆಯ ಕಡೆಯಿಂದ ಒಬ್ಬ ಹೆಂಗಸು ಬಿರಬಿರನೆ ಬಂದರು. ನನಗಿಂತ ತುಸು ಕಿರಿಯರು, ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು. ವರಲಕ್ಷ್ಮಿಯ ತಾಯಿ ನಾರಾಯಣಮ್ಮ ಅವರೇ ಎಂದು ಆಮೇಲೆ ತಿಳಿಯಿತು. ಗಾಜಿನೊಳಗಿಂದ ಕಾಣುತ್ತಿದ್ದ ಬುದ್ಧನನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಹೇಳಿದರು:

"ಸಾರ್, ಗಾಡೀನ ದೂರಕ್ಕೆ ಹಾಕ್ಕೊಳ್ಳಿ. ಇಲ್ಲಿ ಹುಳ ಇದೆ."

ಅದೇ ಮಾತು. ಇಷ್ಟು ವರ್ಷಗಳ ಮೇಲೆ, ಅದೇ ಸೀಮೆಯಲ್ಲಿ, ಅದೇ ಮಾತು.

"ಎಷ್ಟು ದೂರ ಹೋಗಬೇಕಮ್ಮಾ? ಊರಾಚೆಗೋ?" ಎಂದೆ.

"ಊರಾಚೆಗ್ಯಾಕೆ? ಆ ಹುಣಸೆಮರದ ಕೆಳಗೆ ನಿಲ್ಸಿ, ಸಾಕು. ಹೊಗೆ ಆಗಲ್ಲ ಹುಳಕ್ಕೆ."

"ಹೊಗೆ ಎಲ್ಲಿದೆ? ಎಂಜಿನ್ ಆಫ್ ಆಗಿದೆ."

ಅವರು ಕಾರಿನೊಳಗೆ ಸೆರಗು ಸರಿಮಾಡಿಕೊಂಡು ತಣ್ಣಗೆ ಕುಳಿತಿದ್ದ ರತ್ನಮ್ಮನನ್ನು ನೋಡಿದರು. "ಆಫ್ ಆಗಿದ್ರೆ ಅಮ್ಮಂಗೆ ಗಾಳಿ ಹೆಂಗೆ ಬರ್ತಾ ಇದೆ?"

"ಇದು ಹೈಬ್ರಿಡ್."

"ಅಂದ್ರೆ ಕರೆಂಟ್ ಗಾಡಿನಾ?"

"ಅಲ್ಲ."

"ಪೆಟ್ರೋಲ್ ಗಾಡಿನಾ?"

"ಹಾಗೆಂದು ಹೇಳಲಾಗುವುದಿಲ್ಲ."

"ಯಾವುದೋ ಒಂದ್ ಹೇಳಿ ಸಾರ್. ಒಳಗೆ ಹುಳ ನಾಲ್ಕು ಜ್ವರ ಎದ್ದು ಹಣ್ಣಾಗ್ತಾ ಇದೆ. ಇವತ್ತೋ ನಾಳೆಯೋ ಗೂಡು ಕಟ್ತವೆ. ಈಗೇನಾದ್ರೂ ಹೊಗೆ ಕುಡಿದ್ರೆ ನಮ್ಮ ತಿಂಗಳ ಪಾಡೆಲ್ಲ ತಿಪ್ಪೆಗೆ."

ಹುಳು ಪೊರೆ ಬಿಡುವುದನ್ನು ಅವರು ಜ್ವರ ಎನ್ನುತ್ತಾರೆ. ನಾಲ್ಕು ಪೊರೆ ಕಳಚಿದ ಮೇಲೆ ಮೈ ಹಳದಿಗೆ ತಿರುಗಿ ನೂಲು ಬಿಡಲು ಸಜ್ಜಾಗುತ್ತದಂತೆ. ಅದು ನನಗೆ ಆಗ ತಿಳಿಯದು. ನನ್ನ ತಲೆಯಲ್ಲಿದ್ದುದು ಬುದ್ಧನ ಮೇಲೆ ಬಿದ್ದ ಆ ನೋಟವೊಂದೇ. "ನಿಂತಾಗ ಸದ್ದೂ ಇಲ್ಲ, ಹೊಗೆಯೂ ಇಲ್ಲ. ಮಾರಿದವರೇ ಹೇಳಿದ್ದಾರೆ. ಬೇರೆ ಕಾರಣವಿದ್ದರೆ ನೇರವಾಗಿ ಹೇಳಿ," ಎಂದೆ.

"ಬೇರೆ ಯಾವ ಕಾರಣ?" ಎಂದು ಅವರು ಕೇಳಿ ಮುಗಿಸುವಷ್ಟರಲ್ಲಿ, ಯಾರೂ ಮುಟ್ಟದ ನನ್ನ ಕಾರು ಗುರ್ರೆಂದು ತಾನೇ ಶುರುವಾಯಿತು.

ನಾನು ನಿಂತಲ್ಲೇ ನಿಂತೆ. ರತ್ನಮ್ಮ ಗಾಜು ಇಳಿಸಿ, "ರೀ, ನಾನೇನೂ ಮುಟ್ಟಿಲ್ಲ ಕಣ್ರೀ," ಎಂದಳು. ನಾರಾಯಣಮ್ಮ ಮಾತ್ರ, "ಅಯ್ಯೋ, ಪೊಗ, ಪೊಗ," ಎಂದು ತೆಲುಗಿನಲ್ಲಿ ಹೊಗೆಯನ್ನು ಕೂಗುತ್ತ ಕಾರಿನ ಹಿಂದಕ್ಕೆ ಓಡಿದರು. ಗೇಣಿನಷ್ಟು ಜಾಗದಲ್ಲಿ ಕೈ ತೂರಿಸಿ ಸೆರಗನ್ನು ಕಿಟಕಿಯ ಬಲೆಗೆ ಒತ್ತಿ ಹಿಡಿದರು. ಕಾರಿನ ಹೊಗೆ ಕೊಳವೆ ನೇರವಾಗಿ ಆ ಕಿಟಕಿಯ ಕೆಳಗಿತ್ತು. ಅಷ್ಟು ಅಚ್ಚುಕಟ್ಟಾಗಿ ನಿಲ್ಲಿಸಿದವನು ನಾನೇ.

ಒಳಗೆ ನುಗ್ಗಿ ಗುಂಡಿ ಒತ್ತಿದೆ. ಎಂಜಿನ್ ನಿಂತಿತು. ನಿಂತಿತೋ ಇಲ್ಲವೋ ಎಂಬ ಅನುಮಾನದಲ್ಲಿ ಇನ್ನೊಮ್ಮೆ ಒತ್ತಿದೆ. ಪರದೆ ಬೆಳಗಿ ಏನೋ ಕೇಳಿತು. "ಒತ್ತಿದ್ದನ್ನೇ ಒತ್ತಬೇಡಿ, ಮುಂದಕ್ಕೆ ತಗೊಳ್ಳಿ," ಎಂದಳು ರತ್ನಮ್ಮ. ಬ್ರೇಕ್ ತುಳಿದು ಗೇರ್ ಹಾಕಿದೆ. ಕಾರು ಒಂದಿಷ್ಟೂ ಸದ್ದಿಲ್ಲದೆ ಹುಣಸೆಮರದತ್ತ ಜಾರಿಕೊಂಡು ಹೋಯಿತು.

ಮರದವರೆಗೂ ನಾರಾಯಣಮ್ಮನ ದನಿ ಕೇಳಿಸಿತು: "ನಿಂತಾಗ ಕೂಗ್ತದೆ, ಓಡೋವಾಗ ಸುಮ್ಕಿರ್ತದೆ. ಇದೇನ್ ಗಾಡಿ ಸಾರ್?"

ಗದ್ದಲ ಕೇಳಿ ಸುಜಾತ ಓಡಿಬಂದಳು. ನನ್ನ ಮುಖ, ನಾರಾಯಣಮ್ಮನ ಮುಖ ಎರಡನ್ನೂ ನೋಡಿ, "ಅಪ್ಪ, ಏನಂದ್ರಿ ಅವರಿಗೆ?" ಎಂದು ಮೆಲ್ಲಗೆ ಕೇಳಿದಳು. ನಾನು ಕಾರಿನ ಕಡೆಗೆ ಕೈ ತೋರಿಸಿದೆ. ಬ್ಯಾಟರಿ ಇಳಿದರೆ ಅದನ್ನು ತುಂಬಲು ಎಂಜಿನ್ ತಾನಾಗಿ ಶುರುವಾಗುತ್ತದೆಂದು ಅವಳೇ ಆಗ ವಿವರಿಸಿದಳು. ಷೋರೂಮಿನ ಹುಡುಗ ಆ ಅರ್ಧವನ್ನು ಹೇಳದೆ ನುಂಗಿದ್ದ.

ನಾರಾಯಣಮ್ಮ ಹುಳುಮನೆಯ ಒಳಗೆ ಹೋದರು. ಅವರು ಹೊರಬರುವವರೆಗೆ ನಾವು ಮೂವರೂ ಬಿಸಿಲಲ್ಲೇ ನಿಂತೆವು. ಚಿಂತಾಮಣಿಯಿಂದ ಬಂದಿದ್ದ ಅವರ ತಮ್ಮನೂ ಬಂದು ಸೇರಿದ.

ಬಾಗಿಲು ತೆರೆಯಿತು. "ತಲೆ ಎತ್ತಿ ಆಡಿಸ್ತಾ ಇದ್ವು. ಈಗ ಮತ್ತೆ ಸೊಪ್ಪಿಗೆ ಬಾಯಿ ಹಾಕ್ತಾ ಇವೆ," ಎಂದರು ನಾರಾಯಣಮ್ಮ. ಆಮೇಲೆ ನನ್ನನ್ನೇ ನೋಡಿ, "ನೀವೇ ಬಂದು ನೋಡಿ ಸಾರ್. ಇಲ್ದಿದ್ರೆ ಊಟ ಇಳಿಯಲ್ಲ ನಿಮಗೆ," ಎಂದರು.

ತಮ್ಮನೂ ಹೆಜ್ಜೆ ಮುಂದಿಟ್ಟ. ನಾರಾಯಣಮ್ಮ ಕೈ ಅಡ್ಡ ಹಿಡಿದರು. "ನೀನಲ್ಲ ಕಣೋ. ಸೆಂಟ್ ಬಳ್ಕೊಂಡ್ ಮದುಮಗನ ಥರ ಬಂದಿದ್ದೀಯ. ಆಚೆ ಇರು."

"ಸ್ವಂತ ತಮ್ಮನ್ನ ಆಚೆ ನಿಲ್ಲಿಸ್ತೀಯೇನಕ್ಕ?"

"ಹುಳಕ್ಕೆ ತಮ್ಮ ಗಿಮ್ಮ ಗೊತ್ತಾಗಲ್ಲಪ್ಪ."

ಹುಳುವಿಗೆ ಸೋಂಕು ತಗುಲದಂತೆ ಬಾಗಿಲಲ್ಲಿ ಸುಣ್ಣದ ಪುಡಿ ಹರಡಿದ್ದರು. ಕೈಕಾಲು ತೊಳೆದು, ಅವರು ತುಳಿದ ಪುಡಿಯನ್ನೇ ನಾನೂ ತುಳಿದು ಒಳಗೆ ಹೋದೆ. ಹಾಸಿದ ಸೊಪ್ಪಿನ ಮೇಲೆ ಸಾವಿರಾರು ಹುಳುಗಳು ಚರಚರನೆ ಮೇಯುತ್ತಿದ್ದವು. ನನ್ನ ಕಾರಿಗಿಂತ ಅವುಗಳ ಸದ್ದೇ ಹೆಚ್ಚು. ನಾರಾಯಣಮ್ಮ ಹಳದಿಯಾದ ಒಂದು ಹುಳುವನ್ನು ನನ್ನ ಅಂಗೈ ಮೇಲಿಟ್ಟರು. ತಣ್ಣಗಿತ್ತು.

"ಗಾಡೀಲಿರೋದು ಬುದ್ಧ ತಾನೆ? ಚೆನ್ನಾಗೈತೆ. ಸುಜಾತನೂ ನನ್ನ ಮೊಮ್ಮಗೂಗೆ ಅಂತದ್ದೇ ತಂದವ್ಳೆ," ಎಂದರು. ಆ ನೋಟದ ಅರ್ಥ ಅಷ್ಟೇ ಆಗಿತ್ತು.

ನನಗೆ ಕೇಳದೆ ಇರಲಾಗಲಿಲ್ಲ. "ನಾರಾಯಣಮ್ಮ, ಬೀಡಿ ಸೇದುವವರು ಒಳಗೆ ಬಂದರೆ?"

"ಬೀಡಿನಾ? ಹೊಗೆಸೊಪ್ಪು ಮುಟ್ಟಿದ ಕೈಯಲ್ಲೂ ಸೊಪ್ಪು ಹಾಕಲ್ಲ ನಾವು. ಹುಳ ಇರೋ ಮನೇಲಿ ಬೀಡಿ ಹಚ್ಚೋರು ಯಾರಿದ್ದಾರೆ?"

"ಹಿಂದಿನ ಕಾಲದಲ್ಲಿ?"

"ಆಗ ಇನ್ನೂ ಜಾಸ್ತಿ. ಹುಳ ಇರೋ ಮನೇಲೇ ಅಲ್ವಾ ಎಲ್ಲಾರೂ ಮಲಗ್ತಿದ್ದಿದ್ದು? ನಮ್ಮಪ್ಪ ಬೀಡಿ ಕಟ್ಟನ್ನ ತೋಟದ ಬೇಲಿಗೆ ಸಿಕ್ಕಿಸಿ ಬಾಯಿ ತೊಳ್ಕೊಂಡು ಬರ್ತಿದ್ದ." ನನ್ನ ಕಡೆ ತಿರುಗಿ, "ಯಾಕೆ ಸಾರ್?" ಎಂದರು.

"ಸುಮ್ಮನೆ ಕೇಳಿದೆ," ಎಂದೆ.

ನಾಮಕರಣದ ಊಟ ಮುಗಿಸಿ ಹಿಂತಿರುಗಲು ಹೊರಟೆವು. ಹಿಂದೆ ಕುಳಿತ ಸುಜಾತ ಸನ್‌ರೂಫ್ ತೆರೆದಳು. ಮುಚ್ಚೆಂದು ನಾನು ಹೇಳದಿದ್ದುದು ಅವಳಿಗೆ ಆಶ್ಚರ್ಯವೆನಿಸಿರಬೇಕು. ಮುಂದಿನ ವಾರ ಕಾರ್ಖಾನೆಯಿಂದ ಬಂದವಳೇ, "ಗೂಡು ಚೆನ್ನಾಗಿ ಬಂತಂತೆ ಅಪ್ಪ. ಶಿಡ್ಲಘಟ್ಟದ ಮಾರ್ಕೆಟ್ಟಿಗೂ ಹೋಯ್ತಂತೆ. ಕೂಗೋ ಗಾಡಿ ಸಾರ್ ಹೇಗಿದ್ದಾರೆ ಅಂತ ಅವರಮ್ಮ ಕೇಳಿದ್ರು," ಎಂದಳು. ಅಂದು ರಾತ್ರಿ ನಾನು ಹೊಟ್ಟೆ ತುಂಬ ಉಂಡೆ.

ಆ ಕಾರು ಯಾವಾಗ ಪೆಟ್ರೋಲಿನದು, ಯಾವಾಗ ಬ್ಯಾಟರಿಯದು ಎಂಬುದು ಇಂದಿಗೂ ನನಗೆ ಪೂರ್ತಿ ತಿಳಿದಿಲ್ಲ. ಎಲ್ಲಿಗೆ ಹೋದರೂ ಅದರ ಬೆನ್ನನ್ನು ಬಯಲಿನ ಕಡೆಗೇ ತಿರುಗಿಸಿ ನಿಲ್ಲಿಸುತ್ತೇನೆ. ಅರ್ಧ ಸತ್ಯ ಹೇಳಿದ ಆ ಹುಡುಗನನ್ನೂ, ಬುದ್ಧನ ಬಗ್ಗೆ ಅವನಾಡಿದ ಮಾತನ್ನೂ ಮರೆತಿಲ್ಲ. ನಾರಾಯಣಮ್ಮನವರ ಮೇಲೆ ಅರೆಗಳಿಗೆ ಹೊತ್ತ ಕೋಪವನ್ನು ಮಾತ್ರ ಅಲ್ಲೇ, ಆ ಸುಣ್ಣದ ಪುಡಿಯ ಬಳಿಯೇ ಬಿಟ್ಟು ಬಂದೆ.

ಆದರೆ ಎಷ್ಟೋ ವರ್ಷಗಳಿಂದ ನಿಶ್ಚಯವಾಗದೆ ಉಳಿದಿದ್ದ ಒಂದು ಗಡಿಯನ್ನು ಅವರೇ, ತಮಗೆ ತಿಳಿಯದೆ, ಗುರುತಿಸಿಕೊಟ್ಟರು. ಜಗಲಿಯ ಮೇಲೆ ಕುಳಿತಿದ್ದ ಆ ಎಳೆಯ ಸರ್ವೇಯರನಿಗೆ ಈಗ ಕೋಪಿಸಿಕೊಳ್ಳುವ ಹಕ್ಕಿದೆ. ಉರಿಯುವ ಬೀಡಿ ಹಿಡಿದವನು ಅಂದು ನನ್ನ ಕಣ್ಣೆದುರೇ ಒಳಗೆ ಹೋಗಿದ್ದ. ಆ ಮನೆಯಲ್ಲಿ ಹುಳುವೇ ಇರಲಿಲ್ಲ.