ಒಂದು ಕೆಂಪು ಬಾರು, ಒಂದು ನೀಲಿ

ಬೆಳಿಗ್ಗೆ ನನ್ನ ಮನೆಯ ಹೊಸ್ತಿಲಲ್ಲೇ ಮುಗ್ಗರಿಸಿದೆ. ಕಾಲಿಗೆ ಸಿಕ್ಕಿದ್ದು ತಮ್ಮ ಮಾದೇಶನ ಚಪ್ಪಲಿ. ನಂಜನಗೂಡಿಗೆ ನಮ್ಮ ಮನೆಗೆ ಬಂದಾಗಲೆಲ್ಲ ಅವನು ಚಪ್ಪಲಿಯನ್ನು ಗೋಡೆಯ ಪಕ್ಕ ಬಿಡುವುದಿಲ್ಲ. ಹಾದುಹೋಗುವವರೆಲ್ಲ ನೋಡಲೇಬೇಕು ಎಂಬಂತೆ ಬಾಗಿಲ ನಟ್ಟನಡುವೆ ಬಿಡುತ್ತಾನೆ. ನನ್ನದು ಬಿದ್ದರೆ ಥಟ್ಟನೆ ಏಳುವ ವಯಸ್ಸೂ ಅಲ್ಲ. ಆದರೂ ಬೈಯಲು ಬಾಯಿ ಬರುವುದಿಲ್ಲ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ಸೋಸಲೆಯ ನಮ್ಮ ಮನೆಯಲ್ಲಿ ಮಾತಿಗೆ ಬರವಿರಲಿಲ್ಲ. ಅಪ್ಪ ಗದ್ದೆಯ ಆ ಬದುವಿನಲ್ಲಿ ಮಾತಾಡಿದರೆ ಈ ಬದುವಿನ ಕೊಕ್ಕರೆ ಹಾರುತ್ತಿತ್ತು. ನಾನೂ ಅಪ್ಪನ ಮಗಳೇ ಎಂದು ನನ್ನ ಗಂಡ ಈಗಲೂ ಹೇಳುತ್ತಾರೆ. ಮಾದೇಶನೊಬ್ಬನಿಗೆ ಮಾತು ತೊದಲುತ್ತಿತ್ತು. ಅವನು ‘ಅ’ ಎನ್ನುವಷ್ಟರಲ್ಲಿ ‘ಅನ್ನ ಬೇಕೇನ್ಲಾ’ ಎಂದು ನಾವೇ ಮುಗಿಸಿಬಿಡುತ್ತಿದ್ದೆವು. ಅವ್ವ ಮಾತ್ರ ಹಾಗೆ ಮಾಡುತ್ತಿರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೂ ಸರಿ, ಅವನ ಮಾತು ತಾನಾಗಿ ಬರುವವರೆಗೆ ನಿಂತಿರುತ್ತಿದ್ದಳು.

ಎರಡು ಸಾವಿರದ ಇಸವಿಯ ಆಚೀಚೆ ಅವನು ಟಿ. ನರಸೀಪುರದ ಕಾಲೇಜಿಗೆ ಸೇರಿದ. ಅದೇ ಕಾಲಕ್ಕೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸೈಬರ್ ಸೆಂಟರ್ ಬಂತು. ಪ್ಲೈವುಡ್ಡಿನ ಗೂಡುಗಳು, ಗೂಡಿಗೊಂದು ಪರದೆ. ಕಂಪ್ಯೂಟರಿಗೆ ಧೂಳಾಗುತ್ತದೆಂದು ಚಪ್ಪಲಿ ಹೊರಗೇ ಬಿಡಬೇಕು. ನನ್ನ ಜೊತೆ ಸಂತೆಗೆ ಬಂದಿದ್ದ ಅವ್ವ ಮೆಟ್ಟಿಲ ಮೇಲಿನ ಚಪ್ಪಲಿಗಳನ್ನು ಕಂಡಳು, ಒಳಗಿನಿಂದ ಬರುತ್ತಿದ್ದ ಊದುಕಡ್ಡಿಯ ವಾಸನೆಯನ್ನೂ ಹಿಡಿದಳು. “ಚಪ್ಲಿ ಈಚೆಗ್ ಬುಡುಸ್ತಾರೆ ಅಂದ್ರೆ ಒಳ್ಳೇ ಜಾಗ್ವೇ ಇರ್ಬೇಕು ಬುಡವ್ವ” ಎಂದಳು. ಮಗ ಕಂಪ್ಯೂಟರ್ ಕಲಿಯುತ್ತಿದ್ದಾನೆಂದು ಊರಿಗೆಲ್ಲ ಹೇಳಿಕೊಂಡಳು.

ಅವನು ಕಲಿಯುತ್ತಿರಲಿಲ್ಲ, ಚಾಟ್ ಮಾಡುತ್ತಿದ್ದ. ಯಾವ್ಯಾವುದೋ ದೇಶದವರ ಜೊತೆ, ಯಾವುದೋ ಹೆಸರಿಟ್ಟುಕೊಂಡು. ಮೊದಮೊದಲು ಕ್ಲಾಸು ಮುಗಿದ ಮೇಲೆ, ಆಮೇಲೆ ಕ್ಲಾಸಿನ ಹೊತ್ತಿಗೇ. ಪರೀಕ್ಷೆಗಳು ಬಾಕಿ ಉಳಿದವು, ಊಟ ಸೇರದಾಯಿತು. ಅಲ್ಲೇನಿಟ್ಟಿದೆಯೋ ಎಂದು ಒಮ್ಮೆ ಕೇಳಿದೆ. “ಅ... ಅಲ್ಲಿ ನಂಗೆ ತೊ... ತೊದಲೇ ಬರಲ್ಲ ಕಣಕ್ಕ” ಎಂದ. ಅದಕ್ಕೆ ನಾನು ಏನೆಂದು ಬುದ್ಧಿ ಹೇಳಲಿ, ನೀವೇ ಹೇಳಿ.

ಅವನ ಹವಾಯಿ ಚಪ್ಪಲಿಯ ನೀಲಿ ಬಾರು ಒಂದು ಕಿತ್ತುಹೋದಾಗ ಅವ್ವ ನನ್ನ ಹಳೆಯ ಚಪ್ಪಲಿಯ ಕೆಂಪು ಬಾರನ್ನು ಹಾಕಿಕೊಟ್ಟಿದ್ದಳು. ನೂರು ಜೊತೆಯಲ್ಲಿದ್ದರೂ ಗುರುತು ಸಿಗುತ್ತಿತ್ತು. ಕಾಲೇಜಿನಿಂದ ದೂರು ಬಂದ ದಿನ ಸೆಂಟರಿನ ಮೆಟ್ಟಿಲ ಮೇಲೆ ಅಪ್ಪನಿಗೂ ಆ ಗುರುತು ಸಿಕ್ಕಿತು. ಪರದೆ ಸರಿಸಿ, ಕೊರಳಪಟ್ಟಿ ಹಿಡಿದು ಮಾದೇಶನನ್ನು ಮೆಟ್ಟಿಲಿಗೆ ಎಳೆತಂದು, ಜನರೆದುರಿಗೆ ಅದೇ ಚಪ್ಪಲಿಯಲ್ಲಿ ಬಾರಿಸಿದರು. “ಬಾಯ್ ಬುಡ್ಲಾ, ಏನ್ ಮಾಡ್ತಿದ್ದೆ ಒಳ್ಗೆ, ಬಾಯ್ ಬುಡು!” ಎಂದರು. ಮಾದೇಶನ ತುಟಿ ಅದುರಿತು, ಮಾತು ಹೊರಡಲಿಲ್ಲ. ಸುತ್ತ ನಿಂತವರಲ್ಲಿ ಯಾರೋ ನಕ್ಕರಂತೆ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವನಿಗೆ ಎದೆನೋವು ಬಂತು. ನರಸೀಪುರದ ಆಸ್ಪತ್ರೆಗೆ ತಂದೆವು. ಡಾಕ್ಟರು ಅಪ್ಪನನ್ನು ಪಕ್ಕಕ್ಕೆ ಕರೆದು ಮಾತಾಡಿದ್ದು ನೋಡಿಯೇ ನನಗೆ ತಿಳಿಯಿತು. ಅವ್ವ ಕೇಳಿದ್ದು ಒಂದೇ, “ಮಾದೇಸ ಎಲ್ಲವ್ನೆ?”

ನಾನು ಓಡಿದೆ. ಸೈಬರ್ ಸೆಂಟರಿನ ಮೆಟ್ಟಿಲನ್ನೇ ಮೊದಲು ನೋಡಿದೆ. ಸಾಲಾಗಿ ಚಪ್ಪಲಿಗಳಿದ್ದವು, ಕೆಂಪು-ನೀಲಿ ಇರಲಿಲ್ಲ. ಅಲ್ಲಿಲ್ಲವಲ್ಲ ಎಂದು ಒಂದು ಗಳಿಗೆ ಖುಷಿಯೂ ಆಯಿತು. ಕಾಲೇಜಿಗೆ ಹೋದೆ, ಅವನ ಗೆಳೆಯನ ರೂಮಿಗೆ ಹೋದೆ, ಹೊಳೆಯ ಹತ್ತಿರವೂ ಹುಡುಕಿದೆ. ಬರಿಗೈಲಿ ವಾಪಸು ಬಂದಾಗ ಅವ್ವ ಬಾಗಿಲ ಕಡೆಗೇ ನೋಡುತ್ತಿದ್ದಳು. “ಬತ್ತಾನೆ. ನಾ ಕಾಯ್ತೀನಿ ಬುಡು” ಎಂದಳು. ಅಷ್ಟೇ, ಆಮೇಲೆ ಮಾತಾಡಲಿಲ್ಲ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೇಳಿದರೆಂದು ಮಾದೇಶ ಬಂದ. ಅಷ್ಟರಲ್ಲಿ ಅವ್ವನ ಮುಖಕ್ಕೆ ಸೆರಗು ಮುಚ್ಚಿಯಾಗಿತ್ತು. ಅವನ ಕಾಲು ಬರಿದಾಗಿತ್ತು. ಬಾಯಿ ತೆರೆದಿದ್ದ ಬ್ಯಾಗಿನಲ್ಲಿ, ಪುಸ್ತಕಗಳ ನಡುವೆ, ಒಂದು ಕೆಂಪು ಬಾರು, ಒಂದು ನೀಲಿ. ಅಪ್ಪ ಬಾರಿಸಿದ ದಿನದಿಂದ ಅವನು ಚಪ್ಪಲಿಯನ್ನು ಬ್ಯಾಗಿಗೆ ಹಾಕಿಕೊಂಡೇ ಒಳಗೆ ಹೋಗುತ್ತಿದ್ದ. ದಿನವಿಡೀ ಅಲ್ಲೇ ಇದ್ದ, ಆಸ್ಪತ್ರೆಯಿಂದ ಕೂಗಳತೆಯಲ್ಲಿ.

ಆಮೇಲಾದರೂ ಬಿಟ್ಟ ಎಂದುಕೊಂಡಿರಾ? ಇಲ್ಲ, ಹೆಚ್ಚಾಯಿತು. ಅವನ ಮಾತಿಗೆ ಕಾಯುವವರು ಇನ್ನು ಆ ಪರದೆಯ ಹಿಂದೆ ಮಾತ್ರ ಇದ್ದರಲ್ಲ. ಡಿಗ್ರಿ ಮುಗಿಯಲಿಲ್ಲ. ನಾನು ಮದುವೆಯಾಗಿ ಇಲ್ಲಿಗೆ ಬಂದೆ. ಸೆಂಟರು ಮುಚ್ಚಿ ಅಲ್ಲಿ ಬಳೆಯಂಗಡಿಯಾಯಿತು. ಈಗ ಎಲ್ಲವೂ ಅವನ ಅಂಗೈಯಲ್ಲೇ ಇದೆ, ನಮ್ಮ ಮನೆಗೆ ಬಂದರೂ ಮೂಲೆಯಲ್ಲಿ ಕೂತು ಫೋನು ಒತ್ತುತ್ತಿರುತ್ತಾನೆ. ಚಪ್ಪಲಿಯೊಂದು ಮಾತ್ರ ಬಾಗಿಲಲ್ಲಿ ಹಾಗೆ.

ಇವತ್ತು ಅವ್ವನಿಗೆ ಎಡೆ ಇಡುವ ದಿನ. ಮುಗ್ಗರಿಸಿದ ಮೇಲೆ ಎಂದಿನಂತೆ ಆ ಚಪ್ಪಲಿಯನ್ನು ಪಕ್ಕಕ್ಕೆ ತಳ್ಳಲಿಲ್ಲ. ಬಗ್ಗಿ, ಅದಿದ್ದ ಜಾಗದಲ್ಲೇ ಜೋಡಿಸಿಟ್ಟು, ಒಳಗೆ ಬಂದು ಪಾಯಸ ಕದಡಲು ಸೌಟು ಹಿಡಿದೆ. ಮಾದೇಶ ನೋಡಿದನೇನೋ, ಫೋನನ್ನು ಮಗುಚಿಟ್ಟ.

“ಅ... ಅಕ್ಕ,” ಎಂದ. “ಅ... ಅವ್ವ... ಅ... ಅವತ್ತು...”

ಇಷ್ಟು ವರ್ಷ ಅವನು ಕೇಳಿರಲಿಲ್ಲ. ಏನು ಕೇಳುತ್ತಾನೆಂದು ನನಗೆ ಗೊತ್ತಾಗಿತ್ತು, ಉತ್ತರ ನಾಲಿಗೆಯ ತುದಿಯಲ್ಲಿತ್ತು. ಒಲೆಯ ಮೇಲೆ ಪಾಯಸ ಉಕ್ಕುವ ಸದ್ದಾಯಿತು. ಸೌಟು ಹಿಡಿದುಕೊಂಡೇ ಅವನ ಬಾಯಿ ನೋಡುತ್ತಾ ನಿಂತೆ.